ಮಗಳ ಮೊದಲ 10 ಮೀಟರ್ ಏರ್ ರೈಫಲ್: ಬಿಡಿಭಾಗಗಳನ್ನು ಯಾವ ಕ್ರಮದಲ್ಲಿ ಕೊಳ್ಳಬೇಕು?

ಮೈಸೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 14 ವರ್ಷ. ಒಂದೂವರೆ ವರ್ಷದಿಂದ ವಾರಕ್ಕೆ ಮೂರು ದಿನ ಇಲ್ಲಿನ ರೇಂಜ್‌ನಲ್ಲಿ 10 ಮೀಟರ್ ಏರ್ ರೈಫಲ್ (ಗಾಳಿಯ ಒತ್ತಡದಿಂದ ಪೆಲೆಟ್ ಎಂಬ ಸಣ್ಣ ಸೀಸದ ಗುಂಡು ಹಾರಿಸಿ ಗುರಿ ಹೊಡೆಯುವ ಆಟ) ಅಭ್ಯಾಸ ಮಾಡುತ್ತಿದ್ದಾಳೆ. ಇಲ್ಲಿಯವರೆಗೆ ಕ್ಲಬ್ಬಿನ ರೈಫಲ್ಲೇ ಸಾಕಾಗಿತ್ತು. ಆದರೆ ಅದೇ ರೈಫಲ್ಲನ್ನು ಇನ್ನೂ ನಾಲ್ಕು ಮಕ್ಕಳು ಬಳಸುವುದರಿಂದ, ಇವಳ ಸರದಿ ಬರುವ ಹೊತ್ತಿಗೆ ಭುಜಕ್ಕೆ ಒತ್ತುವ ಬಟ್ ಪ್ಲೇಟ್ ಒಂದು ಎತ್ತರಕ್ಕೆ, ಕೆನ್ನೆ ತಾಗುವ ಚೀಕ್ ಪೀಸ್ ಇನ್ನೊಂದು ಎತ್ತರಕ್ಕೆ ಹೋಗಿರುತ್ತದೆ. ಅದನ್ನೆಲ್ಲ ತನಗೆ ಹೊಂದಿಸಿಕೊಳ್ಳುವುದರಲ್ಲೇ ಅವಳ ಮೊದಲ ಅರ್ಧ ಗಂಟೆ ಕಳೆದುಹೋಗುತ್ತದೆ.

ಈಗ ಹಿರಿಯ ಶೂಟರ್ ಒಬ್ಬರು ತಮ್ಮ ಹಳೆಯ ವಾಲ್ಥರ್ ಎಲ್‌ಜಿ 400 ರೈಫಲ್ ಕೊಡಲು ಒಪ್ಪಿದ್ದಾರೆ. ಬ್ಯಾರಲ್, ಆ್ಯಕ್ಷನ್ (ಪೆಲೆಟ್ ತುಂಬಿ ಹಾರಿಸುವ ಯಂತ್ರಭಾಗ), ಟ್ರಿಗರ್, ಇವೆಲ್ಲವನ್ನೂ ಹೊರುವ ಅಲ್ಯೂಮಿನಿಯಂ ಸ್ಟಾಕ್ ಮತ್ತು ಗಾಳಿ ತುಂಬುವ ಒಂದು ಸಿಲಿಂಡರ್ ಮಾತ್ರ ನಮಗೆ ಸಿಗುತ್ತದೆ. ಕಣ್ಣಿನ ಬಳಿಯ ಪೀಪ್ ಸೈಟ್, ಬ್ಯಾರಲ್ ತುದಿಯ ಫೋರ್‌ಸೈಟ್, ಬಟ್ ಪ್ಲೇಟ್, ಗ್ರಿಪ್ ಇವುಗಳನ್ನು ಅವರು ತಮ್ಮ ಹೊಸ ರೈಫಲ್ಲಿಗೆ ಇಟ್ಟುಕೊಳ್ಳುತ್ತಾರೆ. ಅವಳ ತಂದೆ ಬಹಳ ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಹಾಗಾಗಿ ಉಳಿದದ್ದನ್ನು ಬಿಡಿಬಿಡಿಯಾಗಿ ಕೊಂಡು ಮನೆಯಲ್ಲೇ ಜೋಡಿಸುವ ಧೈರ್ಯ ನಮಗಿದೆ. ರೈಫಲ್ಲಿನ ಬೆಲೆಯನ್ನು ಬಿಟ್ಟು ನಮ್ಮ ಕೈಯಲ್ಲಿ ಸುಮಾರು 90 ಸಾವಿರ ಉಳಿಯುತ್ತದೆ, ಅದರಲ್ಲೇ ಜಾಕೆಟ್ ಕೂಡ ಆಗಬೇಕು. ಯಾವುದಕ್ಕೆ ಮೊದಲು ಹಣ ಹಾಕಬೇಕು, ಯಾವುದು ಕಾಯಬಹುದು ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ. ಅವಳ ಎತ್ತರ 155 ಸೆಂ.ಮೀ., ತೂಕ 44 ಕೆ.ಜಿ., ಬಲಗೈಯವಳು.

ರೇಂಜ್ ಮೇಷ್ಟ್ರು, ಬೆಂಗಳೂರು

ಮೇಡಂ, ನಮಸ್ಕಾರ. ಹಣದ ಮಾತಿಗೆ ಬರುವ ಮುನ್ನ ಎರಡು ಪರೀಕ್ಷೆಗಳನ್ನು ಮುಗಿಸಿಕೊಳ್ಳಿ. ಎರಡಕ್ಕೂ ಖರ್ಚಿಲ್ಲ.

ಮೊದಲನೆಯದು ಸಿಲಿಂಡರ್. ಅದರ ಮೈಮೇಲೆ ತಯಾರಾದ ತಿಂಗಳು, ವರ್ಷ ಕೊರೆದಿರುತ್ತದೆ. ಇಂಥ ರೈಫಲ್ಲುಗಳ ಸಿಲಿಂಡರ್‌ಗಳಿಗೆ ಸಾಮಾನ್ಯವಾಗಿ ತಯಾರಾದ ದಿನದಿಂದ 10 ವರ್ಷ ಆಯುಸ್ಸು. ಅದರಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿರುತ್ತದೆ, ಅಂದರೆ ಕಾರಿನ ಚಕ್ರದಲ್ಲಿರುವ ಒತ್ತಡದ ಹತ್ತಿರ ಹತ್ತಿರ ನೂರು ಪಟ್ಟು. ಅವಧಿ ಮೀರಿದ್ದನ್ನು ಬಳಸುವ ಮಾತೇ ಇಲ್ಲ. ಸಿಲಿಂಡರ್ ಅವಧಿಯೊಳಗಿದೆ ಎಂದು ನೋಡಿಕೊಳ್ಳುವುದು ಶೂಟರ್‌ನದೇ ಹೊಣೆ ಎಂದು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮವೂ ಹೇಳುತ್ತದೆ. ನಿಮಗೆ ಸಿಗುತ್ತಿರುವುದರಲ್ಲಿ ಎರಡು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸ ಸಿಲಿಂಡರ್‌ನ ಬೆಲೆಯನ್ನು ರೈಫಲ್ಲಿನ ಬೆಲೆಯಿಂದ ಕಳೆದು ಮಾತಾಡಿ.

ಎರಡನೆಯದು ಕಣ್ಣು. ಕೈ ಬಲಗೈ ಆದರೂ ಮುಖ್ಯ ಕಣ್ಣು ಎಡಗಣ್ಣಾಗಿರುವ ಮಕ್ಕಳು ಅಪರೂಪವೇನಲ್ಲ. ಎರಡೂ ಅಂಗೈಗಳನ್ನು ಮುಂದೆ ಚಾಚಿ, ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿಕೊಂಡು, ಎರಡೂ ಕಣ್ಣು ತೆರೆದು ಗೋಡೆಯ ಮೇಲಿನ ಗಡಿಯಾರವನ್ನು ನೋಡಲು ಹೇಳಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದೇ ಮುಖ್ಯ ಕಣ್ಣು. ಗ್ರಿಪ್, ಚೀಕ್ ಪೀಸ್, ಬೋಲ್ಟ್ ಹಿಡಿಕೆ ಎಲ್ಲವೂ ಎಡ ಬಲ ಎಂದು ಬೇರೆಬೇರೆ ಬರುವುದರಿಂದ, ಇದನ್ನು ತಿಳಿಯದೆ ಕೊಂಡವರು ಎರಡೆರಡು ಸಲ ಕೊಂಡಿದ್ದಾರೆ.

ಇನ್ನು ಕ್ರಮದ ವಿಚಾರ. ನನ್ನ ಅನುಭವದಲ್ಲಿ ಮೊದಲ ಹಣ ಮೈಗೆ ತಾಗುವ ಭಾಗಗಳಿಗೆ ಹೋಗಬೇಕು: ಭುಜಕ್ಕೆ ಬಟ್ ಪ್ಲೇಟ್, ಕೆನ್ನೆಗೆ ಚೀಕ್ ಪೀಸ್, ಬಲಗೈಗೆ ಗ್ರಿಪ್, ಎಡಗೈಗೆ ಫೋರ್‌ಎಂಡ್ (ಬ್ಯಾರಲ್ ಕೆಳಗಿನ ಮುಂಭಾಗದ ಹಿಡಿ), ಮತ್ತು ಮೈಮೇಲೆ ಜಾಕೆಟ್. ಗುರಿ ನೋಡುವ ಸೈಟ್‌ಗಳು ಆಮೇಲೆ. ನಮ್ಮವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಫಳಫಳ ಹೊಳೆಯುವ ಪೀಪ್ ಸೈಟ್ ತಂದು, ಭುಜಕ್ಕೆ ಕೂರದ ಬಟ್ ಪ್ಲೇಟ್‌ನಲ್ಲೇ ಎರಡು ವರ್ಷ ದೂಡುತ್ತಾರೆ. ಅಷ್ಟರಲ್ಲಿ ಮಗು ರೈಫಲ್ಲಿಗೆ ತಕ್ಕಂತೆ ಕುತ್ತಿಗೆ ಬಗ್ಗಿಸುವುದನ್ನು ಕಲಿತುಬಿಟ್ಟಿರುತ್ತದೆ. ಆ ಅಭ್ಯಾಸವನ್ನು ಬಿಡಿಸಲು ನಾನು ಪಡುವ ಪಾಡು ನನಗೇ ಗೊತ್ತು.

ಬಿ.ಇ. ಕೊನೆಯ ವರ್ಷ

ಚರ್ಚೆಯ ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಅಮೆರಿಕದಲ್ಲಿ ಜನರು ಬ್ಯಾರಲ್, ರಿಸೀವರ್, ಟ್ರಿಗರ್ ಎಲ್ಲವನ್ನೂ ಬೇರೆಬೇರೆ ಅಂಗಡಿಗಳಿಂದ ತರಿಸಿ ಮನೆಯಲ್ಲೇ ರೈಫಲ್ ಜೋಡಿಸುವ ವಿಡಿಯೋಗಳನ್ನು ನೋಡಿದ್ದೇನೆ. ಮೇಡಂ ಹೇಳುತ್ತಿರುವುದು ಅದೇ ರೀತಿಯದೇ? ಇಲ್ಲಿ ಅದಕ್ಕೆ ಅವಕಾಶವಿದೆಯೇ?

ರೇಂಜ್ ಮೇಷ್ಟ್ರು, ಬೆಂಗಳೂರು

ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಇವೆರಡನ್ನೂ ಒಂದೇ ಎಂದು ತಿಳಿದು ತೊಂದರೆಗೆ ಸಿಲುಕುವವರು ಇದ್ದಾರೆ. ಆ ವಿಡಿಯೋಗಳಲ್ಲಿರುವುದು ಮದ್ದುಗುಂಡಿನ ಬಂದೂಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ತಯಾರಿಸುವುದು, ಮಾರ್ಪಡಿಸುವುದು, ದುರಸ್ತಿ ಮಾಡುವುದು ಎಲ್ಲವೂ ಅಪರಾಧ. ಅದಕ್ಕೆ ಹಲವು ವರ್ಷಗಳ ಸೆರೆವಾಸವಿದೆ. ಮನೆಯಲ್ಲಿ ಕೂತು ಮಾಡುವ ಹವ್ಯಾಸ ಅದಲ್ಲ.

ಏರ್ ರೈಫಲ್ಲಿನ ವಿಚಾರ ಬೇರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ ಬೋರ್ ಮತ್ತು 20 ಜೌಲ್ ಮೀರದ ಶಕ್ತಿ ಇರುವ ಗಾಳಿ ರೈಫಲ್ಲಿಗೆ ಪರವಾನಗಿ ಬೇಕಿಲ್ಲ. ನಮ್ಮ ಪೆಲೆಟ್ ತೂಕ ಸುಮಾರು 0.53 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 170 ಮೀಟರ್. ಲೆಕ್ಕ ಹಾಕಿದರೆ 8 ಜೌಲ್‌ಗಿಂತ ಕಡಿಮೆ. ಮೇಡಂ ಮಾಡಹೊರಟಿರುವುದು ಕಾರ್ಖಾನೆಯಲ್ಲಿ ತಯಾರಾದ ರೈಫಲ್ಲಿಗೆ ಸೈಟ್, ಬಟ್ ಪ್ಲೇಟ್ ಕೂರಿಸುವ ಕೆಲಸ. ಹಾಗಿದ್ದರೂ ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್ ಮತ್ತು ವಾಲ್ವ್ ಬಿಚ್ಚುವ ಕೆಲಸಕ್ಕೆ ಮನೆಯಲ್ಲಿ ಕೈ ಹಾಕಬಾರದು, ಅದನ್ನು ಬಲ್ಲ ಆರ್ಮರರ್‌ಗೇ (ಬಂದೂಕು ದುರಸ್ತಿಗಾರರಿಗೇ) ಕೊಡಬೇಕು. ಮಾರಿದವರಿಂದ ರೈಫಲ್ಲಿನ ಸಂಖ್ಯೆ ನಮೂದಿಸಿದ ಬರಹ ಮತ್ತು ಅವರ ಮೂಲ ಬಿಲ್ಲಿನ ಪ್ರತಿ ಪಡೆದುಕೊಳ್ಳಿ. ಸ್ಪರ್ಧೆಗೆಂದು ರೈಲಿನಲ್ಲೋ ವಿಮಾನದಲ್ಲೋ ಹೋಗುವಾಗ ಆ ಎರಡು ಹಾಳೆ ಬಹಳ ನೆರವಾಗುತ್ತವೆ.

ಉಲ್ಮ್ ಕನ್ನಡಿಗ

ನಾನು ಜರ್ಮನಿಯ ಉಲ್ಮ್‌ನಲ್ಲಿದ್ದೇನೆ. ವಾಲ್ಥರ್ ಮತ್ತು ಆನ್‌ಶುಟ್ಸ್ ಎರಡೂ ಇದೇ ಊರಿನ ಏರ್ ರೈಫಲ್ ಕಂಪನಿಗಳು, ಫೈನ್‌ವರ್ಕ್‌ಬೌ ಇರುವ ಓಬರ್ನ್‌ಡೋರ್ಫ್ ಕೂಡ ಇದೇ ರಾಜ್ಯದ್ದು. ಇಲ್ಲಿನ ನಮ್ಮ ಶೂಟಿಂಗ್ ಸಂಘದಲ್ಲಿ ಹೊಸ ಮಕ್ಕಳಿಗೆ ಮೊದಲ ಕೆಲವು ವಾರ ಪೆಲೆಟ್ಟೇ ಕೊಡುವುದಿಲ್ಲ. ಸಂಘದ ರೈಫಲ್ ಕೊಟ್ಟು, ಕಣ್ಣು ಮುಚ್ಚಿ ಭುಜಕ್ಕೇರಿಸಲು ಹೇಳುತ್ತಾರೆ. ತಲೆಯನ್ನು ಅಲುಗಿಸದೆ ಕಣ್ಣು ತೆರೆದಾಗ ಪೀಪ್ ಸೈಟ್‌ನ ರಂಧ್ರ ತಾನಾಗಿಯೇ ಕಣ್ಣಿನೆದುರು ಇರಬೇಕು. ಇಲ್ಲದಿದ್ದರೆ ಚೀಕ್ ಪೀಸನ್ನು ಒಂದೆರಡು ಮಿ.ಮೀ. ಸರಿಸಿ ಮತ್ತೆ ಅದೇ ಕ್ರಮ. ಮೇಷ್ಟ್ರು ಹೇಳಿದ ಮಾತಿಗೆ ನಾನು ಇಲ್ಲಿ ಕಣ್ಣಾರೆ ಕಂಡ ಸಾಕ್ಷಿ ಇದು.

ಬಟ್ ಪ್ಲೇಟ್ ಬಗ್ಗೆ ಒಂದಿಷ್ಟು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾನು ಎಡವಿದ್ದು ಅಲ್ಲಿಯೇ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಯುವುದಷ್ಟೇ ಅಲ್ಲದೆ, ಅದರ ರೆಕ್ಕೆಗಳು ಒಳಕ್ಕೆ ಬಾಗುವಂತಿರಬೇಕು. ನಿಂತು ಹೊಡೆಯುವ ಭಂಗಿಯಲ್ಲಿ ಬಟ್ ಪ್ಲೇಟ್ ಕೂರುವುದು ಎದೆ ಮತ್ತು ತೋಳು ಸೇರುವ ಸಂದಿಯ ಹೊರಬದಿಯಲ್ಲಿ. ಚಪ್ಪಟೆ ಪ್ಲೇಟ್ ಅಲ್ಲಿ ಪ್ರತಿ ಸಲವೂ ಒಂದೊಂದು ಕಡೆ ಕೂರುತ್ತದೆ. ನಾನು ಮೊದಲು ಕೊಂಡ ಅಗ್ಗದ ಪ್ಲೇಟ್‌ನಲ್ಲಿ 60 ಹೊಡೆತಗಳ ಪಂದ್ಯದ ನಲವತ್ತನೇ ಹೊಡೆತದ ಹೊತ್ತಿಗೆ ಸ್ಕ್ರೂ ಸಡಿಲವಾಗಿ ಪ್ಲೇಟ್ ಸುಮಾರು 3 ಮಿ.ಮೀ. ಕೆಳಗಿಳಿದಿತ್ತು. ನನಗೆ ಅದು ಗೊತ್ತೇ ಆಗಲಿಲ್ಲ. ಹೊಡೆತಗಳು ಒಂದೊಂದಾಗಿ ಮೇಲಕ್ಕೆ ಹೋಗುತ್ತಿದ್ದವು, ನಾನು ಸೈಟ್ ತಿರುಗಿಸುತ್ತಲೇ ಇದ್ದೆ. ಅದಕ್ಕಾಗಿ ಅಳತೆಯ ಗೆರೆಗಳನ್ನು ಕೊರೆದಿರುವ ಬಟ್ ಪ್ಲೇಟನ್ನೇ ಕೊಳ್ಳಿ. ಗೆರೆಗಳಿಲ್ಲದಿದ್ದರೆ ಹೊಂದಿಸಿದ ಮೇಲೆ ಬಿಳಿ ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ. ಬೆಳೆಯುವ ಮಗುವಾದ್ದರಿಂದ ಪ್ರತಿ ಮೂರು ನಾಲ್ಕು ತಿಂಗಳಿಗೊಮ್ಮೆ ಎಲ್ಲ ಅಳತೆಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

ಧಾರವಾಡ ಶೂಟರ್

ಮೇಷ್ಟ್ರ ಕ್ರಮವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಜಾಕೆಟ್ ಅನ್ನು ಪಟ್ಟಿಯ ಕೊನೆಯಲ್ಲಿ ಹೇಳಿದ್ದನ್ನು ಒಪ್ಪಲಾರೆ, ಅದು ಬಟ್ ಪ್ಲೇಟ್‌ಗಿಂತಲೂ ಮೊದಲು ಬರಬೇಕು. ಕಾರಣ ಸರಳವಾದದ್ದು. ಕ್ಯಾನ್ವಾಸ್ ಜಾಕೆಟ್ ತೊಟ್ಟಾಗ ಭುಜದ ದಪ್ಪವೂ, ಮೊಳಕೈ ಸೊಂಟದ ಮೇಲೆ ಕೂರುವ ಜಾಗವೂ ಬದಲಾಗುತ್ತದೆ. ಜಾಕೆಟ್ ಇಲ್ಲದೆ ಬಟ್ ಪ್ಲೇಟ್ ಹೊಂದಿಸಿದರೆ, ಜಾಕೆಟ್ ಬಂದ ದಿನ ಆ ಕೆಲಸವನ್ನೆಲ್ಲ ಮೊದಲಿನಿಂದ ಮಾಡಬೇಕು. ಭಾರತದಲ್ಲೇ ಅಳತೆ ಕೊಟ್ಟು ಹೊಲಿಸುವ ಜಾಕೆಟ್‌ಗಳು ಈಗ ಚೆನ್ನಾಗಿ ಬರುತ್ತಿವೆ, ಆಮದು ಜಾಕೆಟ್‌ನ ಅವಶ್ಯಕತೆ ಈ ಹಂತದಲ್ಲಿಲ್ಲ.

ಒಂದು ಎಚ್ಚರಿಕೆಯೂ ಇದೆ. ನಿಯಮದ ಪ್ರಕಾರ ಜಾಕೆಟ್‌ನ ಬಟ್ಟೆಯ ದಪ್ಪ ಒಂದು ಪದರಕ್ಕೆ 2.5 ಮಿ.ಮೀ. ಮೀರಬಾರದು. ಬಟ್ಟೆಯ ಬಿಗಿತವನ್ನು ಅಳೆಯುವ ಯಂತ್ರದಲ್ಲಿ ಅದು ಕನಿಷ್ಠ 3.0 ಮಿ.ಮೀ. ಬಾಗಬೇಕು. ಹೊಸ ಜಾಕೆಟ್ ಬಿಗಿಯಾಗಿರಲಿ ಎಂಬ ಆಸೆಯಿಂದ ಗಡಿಗೆ ತೀರಾ ಹತ್ತಿರದ್ದನ್ನು ಹೊಲಿಸಿದರೆ ಸ್ಪರ್ಧೆಯ ಬೆಳಗ್ಗೆ ಪರಿಶೀಲನೆಯಲ್ಲಿ ಅದು ತಿರಸ್ಕೃತವಾಗಬಹುದು. ರಾಜ್ಯ ಮಟ್ಟದ ಸ್ಪರ್ಧೆಯೊಂದರಲ್ಲಿ ಒಬ್ಬ ಹುಡುಗ ಜಾಕೆಟ್ ಕೈಯಲ್ಲಿ ಹಿಡಿದುಕೊಂಡು ಅಳುತ್ತಾ ನಿಂತಿದ್ದನ್ನು ನಾನು ನೋಡಿದ್ದೇನೆ. 14ರ ಮಗುವಿಗೆ ಎದೆಯ ಬಳಿ ಸ್ವಲ್ಪ ಬಿಡಿಸಿಕೊಳ್ಳಲು ಬರುವಂತೆ ಹೊಲಿಗೆಯ ಅಂಚು ಇಡಿಸಿ, ಒಂದು ವರ್ಷ ಹೆಚ್ಚು ಬರುತ್ತದೆ.

ರೇಂಜ್ ಮೇಷ್ಟ್ರು, ಬೆಂಗಳೂರು

ಧಾರವಾಡದವರ ಮಾತು ಸರಿ. ಜಾಕೆಟ್ ಮೊದಲು, ಬಟ್ ಪ್ಲೇಟ್ ಆಮೇಲೆ. ನನ್ನ ಪಟ್ಟಿಯನ್ನು ಹಾಗೆಯೇ ತಿದ್ದಿ ಓದಿಕೊಳ್ಳಿ.

ಮೈಸೂರಿನ ಅಮ್ಮ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಎರಡೂ ಪರೀಕ್ಷೆ ಮಾಡಿದೆವು. ಸಿಲಿಂಡರ್ 2021ರಲ್ಲಿ ತಯಾರಾದದ್ದು, ಹಾಗಾಗಿ ಅದರ ಚಿಂತೆ ಸದ್ಯಕ್ಕಿಲ್ಲ. ಆದರೆ ಕಣ್ಣಿನ ಪರೀಕ್ಷೆ ನಮ್ಮನ್ನು ಬೆಚ್ಚಿಬೀಳಿಸಿತು. ಗಡಿಯಾರದ ಬದಲು ದೇವರ ಮನೆಯ ದೀಪವನ್ನು ನೋಡಿಸಿ ಐದು ಸಲ ಮಾಡಿದೆವು, ಐದು ಸಲವೂ ಎಡಗಣ್ಣೇ. ಇಷ್ಟು ದಿನ ಬಲಗಣ್ಣಿನಲ್ಲೇ ಗುರಿ ಹಿಡಿಯುತ್ತಿದ್ದಳು, ಎಡಗಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದಳು. ಅಭ್ಯಾಸ ಮುಗಿಸಿ ಬಂದಾಗ ತಲೆನೋವು ಎನ್ನುತ್ತಿದ್ದುದಕ್ಕೆ ಇದೇ ಕಾರಣವಿರಬಹುದೇ? ಈಗ ಎಡಗೈಗೆ ಬದಲಾಯಿಸಬೇಕೇ? ಸಿಗುತ್ತಿರುವ ರೈಫಲ್ ಬಲಗೈಯದು.

ರೇಂಜ್ ಮೇಷ್ಟ್ರು, ಬೆಂಗಳೂರು

ಗಾಬರಿ ಬೇಡ ಮೇಡಂ. ಮೊದಲ ತಿಂಗಳಲ್ಲೇ ಇದು ತಿಳಿದಿದ್ದರೆ ಎಡಭುಜಕ್ಕೆ ಬದಲಾಯಿಸಿ ನೋಡಿ ಎನ್ನುತ್ತಿದ್ದೆ. ಒಂದೂವರೆ ವರ್ಷ ಬಲಭುಜದಲ್ಲಿ ಭಂಗಿ ಕಟ್ಟಿಕೊಂಡ ಮೇಲೆ ನನ್ನ ಸಲಹೆ ಬೇರೆ. ಎಡಗಣ್ಣನ್ನು ಮುಚ್ಚುವುದನ್ನು ಇಂದಿನಿಂದಲೇ ನಿಲ್ಲಿಸಿ. ಒಂದು ಕಣ್ಣು ಗಟ್ಟಿಯಾಗಿ ಮುಚ್ಚಿದರೆ ಇನ್ನೊಂದರ ಸುತ್ತಲಿನ ಸ್ನಾಯುಗಳೂ ಬಿಗಿಯುತ್ತವೆ, ತಲೆನೋವಿಗೆ ಅದೂ ಒಂದು ಕಾರಣವಿರಬಹುದು. ಆದರೂ ಒಮ್ಮೆ ಕಣ್ಣಿನ ವೈದ್ಯರಿಗೆ ತೋರಿಸಿ, ಏಕೆಂದರೆ ಬಲಗಣ್ಣಿನಲ್ಲಿ ಸಣ್ಣ ದೃಷ್ಟಿದೋಷವಿದ್ದರೆ ಅದನ್ನು ಯಾವ ಸೈಟ್ ಕೂಡ ಸರಿಪಡಿಸುವುದಿಲ್ಲ.

ಎಡಗಣ್ಣಿನ ಮುಂದೆ ಬ್ಲೈಂಡರ್ ಎಂಬ ಮರೆಪಟ್ಟಿ ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿದೆ, ಅದರ ಅಗಲ 30 ಮಿ.ಮೀ. ಮೀರಬಾರದು. ಕಪ್ಪು ಪಟ್ಟಿ ಬೇಡ, ಹಾಲಿನ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಟ್ಟಿ. ಕಪ್ಪು ಪಟ್ಟಿಯ ಹಿಂದೆ ಎಡಗಣ್ಣಿನ ಪಾಪೆ ಹಿಗ್ಗುತ್ತದೆ, ಜೊತೆಗೆ ಬಲಗಣ್ಣಿನದೂ ಹಿಗ್ಗುತ್ತದೆ, ಚಿತ್ರ ಮಸುಕಾಗುತ್ತದೆ. ಬಿಳಿ ಪಟ್ಟಿಯಾದರೆ ಬೆಳಕು ಎರಡೂ ಕಣ್ಣಿಗೆ ಸಮನಾಗಿರುತ್ತದೆ. ಇದಕ್ಕೆ ಹಣವೇ ಬೇಡ. ಮೊಸರಿನ ಡಬ್ಬಿಯ ಮುಚ್ಚಳವನ್ನು ಅಳತೆಗೆ ಕತ್ತರಿಸಿ ಕಟ್ಟಿಕೊಂಡ ಮಕ್ಕಳು ನನ್ನ ರೇಂಜ್‌ನಲ್ಲೇ ಇದ್ದಾರೆ.

ಕಾವೇರಿ ತೀರ, ಕೊಡಗು

ನಮ್ಮ ಮನೆಯಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡುತ್ತೇವೆ, ಊರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವೂ ಇರುತ್ತದೆ. ನಾನು ಚಿಕ್ಕಂದಿನಿಂದ ಅದನ್ನೇ ನೋಡಿ ಬೆಳೆದವನು. ಆದರೆ 10 ಮೀಟರ್ ಏರ್ ರೈಫಲ್ ಕೈಗೆ ಬಂದ ದಿನ, ನನಗೆ ಏನೂ ಬರುವುದಿಲ್ಲ ಎಂದು ತಿಳಿಯಿತು. ಇಲ್ಲಿ ಹತ್ತರ ಉಂಗುರವೆಂದರೆ 0.5 ಮಿ.ಮೀ. ಚುಕ್ಕೆ, ಸೂಜಿಯ ಮೊನೆಯಿಂದ ಕಾಗದವನ್ನು ಚುಚ್ಚಿದಷ್ಟು. ಎಲೆಕ್ಟ್ರಾನಿಕ್ ಗುರಿಫಲಕದಲ್ಲಿ 10.9 ಬರಬೇಕಾದರೆ ಪೆಲೆಟ್‌ನ ನಡುಬಿಂದು ಕೇಂದ್ರದಿಂದ ಕಾಲು ಮಿ.ಮೀ. ಒಳಗಿರಬೇಕು, ಅಲ್ಲಿಂದ ಪ್ರತಿ ಕಾಲು ಮಿ.ಮೀ.ಗೂ 0.1 ಅಂಕ ಇಳಿಯುತ್ತದೆ. ಇಂಥ ಆಟದಲ್ಲಿ ಪೀಪ್ ಸೈಟ್ ಆಮೇಲೆ ಸಾಕು ಎನ್ನುವ ಮಾತಿಗೆ ನನ್ನದೊಂದು ತಿದ್ದುಪಡಿ ಇದೆ. ಹೊಸದು ಬೇಕಿಲ್ಲ, ಹಳೆಯದೂ ಆದೀತು. ಆದರೆ ಅದರ ಒಳಗೆ ಸಡಿಲ ಇರಬಾರದು.

ಪರೀಕ್ಷಿಸುವ ಬಗೆ ಹೀಗೆ. ರೈಫಲ್ಲನ್ನು ಮರಳಿನ ಚೀಲದ ಮೇಲೆ ಗಟ್ಟಿಯಾಗಿ ಇಟ್ಟು ಐದು ಪೆಲೆಟ್ ಹೊಡೆಯಿರಿ. ಸೈಟನ್ನು ಬಲಕ್ಕೆ 20 ಕ್ಲಿಕ್ ತಿರುಗಿಸಿ ಐದು, ಮೇಲಕ್ಕೆ 20 ತಿರುಗಿಸಿ ಐದು, ಎಡಕ್ಕೆ 20 ತಿರುಗಿಸಿ ಐದು, ಕೊನೆಗೆ ಕೆಳಕ್ಕೆ 20 ತಿರುಗಿಸಿ ಐದು. ಕಾಗದದ ಮೇಲೆ ಒಂದು ಚೌಕ ಮೂಡಬೇಕು, ಕೊನೆಯ ಐದು ಪೆಲೆಟ್ ಮೊದಲಿನ ಐದರ ಮೇಲೆಯೇ ಬಂದು ಬೀಳಬೇಕು. ಚೌಕ ಮುಚ್ಚದಿದ್ದರೆ ಆ ಸೈಟ್ ಎಷ್ಟೇ ಅಗ್ಗವಾದರೂ ಬೇಡ. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ಗೆ ಮುನ್ನ ಅಭಿನವ್ ಬಿಂದ್ರಾ ಅವರ ಪರೀಕ್ಷಾ ಹೊಡೆತ ನಾಲ್ಕರ ಉಂಗುರಕ್ಕೆ ಹೋಗಿತ್ತು. ಸೈಟ್ ಕೆಟ್ಟಿದೆ ಎಂದು ಗುರುತಿಸಿ, ಉಳಿದ ಕೆಲವೇ ನಿಮಿಷಗಳಲ್ಲಿ ಅದನ್ನು ಮರಳಿ ಹೊಂದಿಸಿ, ಕೊನೆಯ ಹೊಡೆತಕ್ಕೆ 10.8 ಬಾರಿಸಿ 700.5 ಅಂಕದೊಂದಿಗೆ ಚಿನ್ನ ತಂದರು. ತನ್ನ ಸೈಟ್‌ನ ಒಂದೊಂದು ಕ್ಲಿಕ್ ಎಷ್ಟು ಸರಿಯುತ್ತದೆ ಎಂದು ತಿಳಿದವರಿಗಷ್ಟೇ ಅದು ಸಾಧ್ಯ. ಮಗಳಿಗೆ ಈ ಚೌಕದ ಪರೀಕ್ಷೆಯನ್ನು ಅವಳ ಕೈಯಿಂದಲೇ ಮಾಡಿಸಿ.

ಸಿಲಿಂಡರ್ ಬಗ್ಗೆ ಮೇಷ್ಟ್ರು ಹೇಳಿದ್ದಕ್ಕೆ ನನ್ನ ನೋವಿನ ಕತೆಯೂ ಸೇರಲಿ. ಮೂರು ವರ್ಷದ ಹಿಂದೆ ಒಬ್ಬ ವ್ಯಾಪಾರಿಯಿಂದ ಹಳೆಯ ರೈಫಲ್ ಕೊಂಡೆ. ಸಿಲಿಂಡರ್ ಮೇಲೆ ಹೊಸ ಸ್ಟಿಕರ್ ಅಂಟಿತ್ತು. ಮನೆಗೆ ತಂದು ಸ್ಟಿಕರ್ ಕೆರೆದು ನೋಡಿದರೆ ಕೆಳಗೆ ಕೊರೆದಿದ್ದ ವರ್ಷದ ಪ್ರಕಾರ ಅವಧಿ ಮುಗಿದು ಹದಿನಾಲ್ಕು ತಿಂಗಳಾಗಿತ್ತು. ಹಣ ವಾಪಸ್ ಬರಲಿಲ್ಲ. ನನಗೆ ಬೇಸರವಾದದ್ದು ಹಣಕ್ಕಿಂತ ಹೆಚ್ಚಾಗಿ, ಆ ಸಿಲಿಂಡರನ್ನು ನನ್ನ ತಮ್ಮನ ಮಗ ಕೆನ್ನೆಯ ಪಕ್ಕದಲ್ಲಿ ಹಿಡಿಯುತ್ತಿದ್ದನಲ್ಲ ಎಂಬುದಕ್ಕೆ.

ಬಿ.ಇ. ಕೊನೆಯ ವರ್ಷ

ನಾನೂ ಒಂದು ಲೆಕ್ಕ ಕೊಡಬಹುದೇ? ಗುರಿಯ ಕಪ್ಪು ವೃತ್ತವನ್ನು ನಡುವಿಗಿಟ್ಟು ನೋಡುವ ಫೋರ್‌ಸೈಟ್‌ನ ಉಂಗುರ ಎಷ್ಟು ಮಿ.ಮೀ. ಇರಬೇಕು ಎಂದು ಯಾರೂ ಹೇಳಿಲ್ಲ. ಗುರಿಫಲಕದ ಕಪ್ಪು ವೃತ್ತದ ವ್ಯಾಸ 30.5 ಮಿ.ಮೀ. ಕಣ್ಣಿನಿಂದ ಫೋರ್‌ಸೈಟ್‌ಗೆ 90 ಸೆಂ.ಮೀ., ಫಲಕಕ್ಕೆ ಸುಮಾರು 10 ಮೀಟರ್ ಎಂದು ಇಟ್ಟುಕೊಂಡರೆ, ಫೋರ್‌ಸೈಟ್ ಇರುವ ಜಾಗದಲ್ಲಿ ಆ ಕಪ್ಪು ವೃತ್ತ ಸುಮಾರು 2.7 ಮಿ.ಮೀ.ನಷ್ಟು ಕಾಣುತ್ತದೆ. 3.4ರ ಉಂಗುರ ಹಾಕಿದರೆ ಸುತ್ತಲೂ ಉಳಿಯುವ ಬಿಳಿ ಅಂಚು 0.35 ಮಿ.ಮೀ. ಮಾತ್ರ, 4.0ರ ಉಂಗುರದಲ್ಲಿ ಅದು 0.65.

ರೇಂಜ್ ಮೇಷ್ಟ್ರು, ಬೆಂಗಳೂರು

ಲೆಕ್ಕ ಸರಿಯಾಗಿದೆ, ಬಹಳ ಸಂತೋಷ. ಅದರ ಅರ್ಥವನ್ನು ನಾನು ಸೇರಿಸುತ್ತೇನೆ. ಬಿಳಿ ಅಂಚು ತೆಳುವಾದಷ್ಟೂ ಗುರಿ ನಿಖರ ಎಂದು ಮಕ್ಕಳು ತಿಳಿಯುತ್ತಾರೆ. ಆದರೆ ಇನ್ನೂ ಕೈ ನಿಲ್ಲದ ಮಗುವಿಗೆ ತೆಳು ಅಂಚಿನಲ್ಲಿ ಕಪ್ಪು ವೃತ್ತ ಉಂಗುರಕ್ಕೆ ತಾಗಿ ತಾಗಿ ಕಾಣುತ್ತದೆ, ಅದನ್ನು ನಿಲ್ಲಿಸಲು ಹೋಗಿ ಉಸಿರು ಹಿಡಿದು ಕಾಯುತ್ತಾಳೆ, ಕೊನೆಗೆ ಟ್ರಿಗರನ್ನು ಥಟ್ಟನೆ ಎಳೆದುಬಿಡುತ್ತಾಳೆ. 4.0ರಿಂದ 4.5ರ ನಡುವಿನ ಉಂಗುರದಿಂದ ಆರಂಭಿಸಿ. ತಿರುಗಿಸಿದರೆ ಅಳತೆ ಬದಲಾಗುವ ಫೋರ್‌ಸೈಟ್ ಸಿಗುತ್ತದೆ, ಆದರೆ ಬೇರೆಬೇರೆ ಅಳತೆಯ ಮೂರು ನಾಲ್ಕು ಪ್ಲಾಸ್ಟಿಕ್ ಉಂಗುರಗಳು ಅದರ ಸಣ್ಣ ಪಾಲಿನ ಬೆಲೆಗೆ ಅದೇ ಕೆಲಸ ಮಾಡುತ್ತವೆ.

ಅವಳ ತಂದೆಯವರಿಗೆ ಎರಡು ಮಾತು. ಆ್ಯಕ್ಷನ್ ಅನ್ನು ಸ್ಟಾಕ್‌ಗೆ ಕೂರಿಸುವ ಬೋಲ್ಟ್‌ಗಳನ್ನು ಕೈಪಿಡಿಯಲ್ಲಿ ಹೇಳಿರುವ ನ್ಯೂಟನ್ ಮೀಟರ್‌ಗೆ ಸರಿಯಾಗಿ ಟಾರ್ಕ್ ವ್ರೆಂಚ್‌ನಲ್ಲೇ ಬಿಗಿಯಿರಿ. ಕೈಯಂದಾಜಿನಲ್ಲಿ ಒಂದು ಬೋಲ್ಟ್ ಹೆಚ್ಚು, ಇನ್ನೊಂದು ಕಡಿಮೆ ಬಿಗಿದರೆ ಪೆಲೆಟ್ ಬೀಳುವ ಜಾಗ ಸರಿಯುತ್ತದೆ. ಗಾಳಿಯ ಸಂಪರ್ಕವಿರುವ ಯಾವ ಜಾಗಕ್ಕೂ ಸಾಮಾನ್ಯ ಎಣ್ಣೆ, ಗ್ರೀಸ್ ಹಚ್ಚಬೇಡಿ, ಅಧಿಕ ಒತ್ತಡದ ಗಾಳಿಯಲ್ಲಿ ಅದು ಹೊತ್ತಿಕೊಳ್ಳುವ ಅಪಾಯವಿದೆ. ಇದೇ ಕಾರಣಕ್ಕೆ ಸಿಲಿಂಡರ್‌ಗೆ ಗಾಳಿಯ ಬದಲು ಆಮ್ಲಜನಕ ತುಂಬಿಸುವ ಯೋಚನೆಯನ್ನು ಯಾರೂ ಎಂದೂ ಮಾಡಕೂಡದು.

ಟ್ರಿಗರ್ ವಿಚಾರ ಸದ್ಯ ಬಿಟ್ಟುಬಿಡಿ. ಏರ್ ಪಿಸ್ತೂಲಿಗೆ ಟ್ರಿಗರ್ ಎಳೆತದ ಭಾರ ಕನಿಷ್ಠ 500 ಗ್ರಾಂ ಇರಬೇಕೆಂಬ ನಿಯಮವಿದೆ, ಏರ್ ರೈಫಲ್ಲಿಗೆ ಅಂಥ ಮಿತಿ ಇಲ್ಲ. ಆದರೂ ಅವಳಿಗೆ ಈಗ ಒಗ್ಗಿರುವ ಭಾರದಲ್ಲೇ ಇರಲಿ. ಹೆಚ್ಚುವರಿ ತೂಕದ ಬಿಲ್ಲೆಗಳೂ ಬೇಡ. ನಿಯಮ 5.5 ಕೆ.ಜಿ.ವರೆಗೆ ಬಿಡುತ್ತದೆ ಎಂದು 44 ಕೆ.ಜಿ.ಯ ಹುಡುಗಿಯ ಬೆನ್ನಿಗೆ ಅಷ್ಟನ್ನು ಹೊರಿಸಬಾರದು. 4.5 ಕೆ.ಜಿ. ದಾಟದಂತೆ ನೋಡಿಕೊಳ್ಳಿ.

ಧಾರವಾಡ ಶೂಟರ್

ಪೆಲೆಟ್ ಬಗ್ಗೆ ಒಂದೇ ಮಾತು. ಆರ್‌ಡಬ್ಲ್ಯುಎಸ್ ಆರ್10, ಎಚ್ ಆ್ಯಂಡ್ ಎನ್ ಫಿನಾಲೆ ಮ್ಯಾಚ್, ಜೆಎಸ್‌ಬಿ ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಯಾರನ್ನೂ ಕೇಳಬೇಡಿ, ನಿಮ್ಮ ಬ್ಯಾರಲ್ಲನ್ನೇ ಕೇಳಿ. ಒಂದೇ ಕಂಪನಿಯಲ್ಲೂ ಪೆಲೆಟ್ ತಲೆಯ ಅಳತೆ 4.49, 4.50, 4.51 ಮಿ.ಮೀ. ಎಂದು ಬರುತ್ತದೆ. ರೇಂಜ್‌ನಲ್ಲಿ ನಾಲ್ಕಾರು ಜನರಿಂದ ಇಪ್ಪತ್ತಿಪ್ಪತ್ತು ಪೆಲೆಟ್ ಕೇಳಿ ತಂದು, ರೈಫಲ್ಲನ್ನು ಆಧಾರದ ಮೇಲಿಟ್ಟು ಪ್ರತಿಯೊಂದರಲ್ಲೂ ಹತ್ತು ಹತ್ತು ಹೊಡೆತದ ಎರಡು ಗ್ರೂಪ್ (ತೂತುಗಳ ಗುಂಪು) ಹೊಡೆದು, ಅದು ಎಷ್ಟು ಹರಡಿದೆ ಎಂದು ಅಳೆಯಿರಿ. ಸೀಸದ ಪೆಲೆಟ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ತಿಂಡಿ ಮುಟ್ಟಬಾರದು, ಮಕ್ಕಳು ಇದನ್ನು ಮರೆಯುತ್ತಾರೆ.

ಮೈಸೂರಿನ ಅಮ್ಮ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಜಾಕೆಟ್ ಅಳತೆ ಕೊಟ್ಟು ಹೊಲಿಸಿದೆವು, ಎದೆಯ ಬಳಿ ಅಂಚು ಇಡಿಸಿದ್ದೇವೆ. ಅದು ಬಂದ ಮೇಲೆಯೇ ಬಟ್ ಪ್ಲೇಟ್ ಕೊಂಡೆವು, ಗೆರೆ ಕೊರೆದದ್ದು, ರೆಕ್ಕೆ ಬಾಗುವಂಥದ್ದು. ಗ್ರಿಪ್ ಹೊಸದು ಸಿಗಲಿಲ್ಲ, ರೇಂಜ್‌ನ ಒಬ್ಬರು ತಮ್ಮ ಹಳೆಯ ಮರದ ಗ್ರಿಪ್ ಕೊಟ್ಟರು. ಅವಳ ಕೈ ಚಿಕ್ಕದಾದ್ದರಿಂದ ಅವಳ ತಂದೆ ಒಳಭಾಗವನ್ನು ಮರಳು ಕಾಗದದಿಂದ ಮೂರು ಸಂಜೆ ಉಜ್ಜಿ ಹೊಂದಿಸಿದರು. ಪೀಪ್ ಸೈಟ್ ಹಳೆಯದು. ಮೊದಲು ನೋಡಿದ್ದು ಚೌಕದ ಪರೀಕ್ಷೆಯಲ್ಲಿ ಸೋತಿತು, ಕೊನೆಯ ಐದು ಪೆಲೆಟ್ ಮೊದಲಿನ ಜಾಗದಿಂದ ಎಡಕ್ಕೆ 4 ಮಿ.ಮೀ. ದೂರ ಬಿದ್ದವು. ಎರಡನೆಯದರಲ್ಲಿ ಚೌಕ ಮುಚ್ಚಿತು, ಅದನ್ನೇ ಇಟ್ಟುಕೊಂಡೆವು. ಎಲ್ಲ ಸೇರಿ 71 ಸಾವಿರ ಖರ್ಚಾಗಿದೆ.

ಪೆಲೆಟ್ ಪರೀಕ್ಷೆಯಲ್ಲಿ ಐದು ಬಗೆ ನೋಡಿದೆವು. ನಮ್ಮ ಬ್ಯಾರಲ್‌ಗೆ 4.50ರ ಒಂದು ಬಗೆಯಲ್ಲಿ ಹತ್ತು ಹೊಡೆತದ ಗ್ರೂಪ್ ಹೊರ ಅಂಚಿನಿಂದ ಹೊರ ಅಂಚಿಗೆ 6 ಮಿ.ಮೀ. ಬಂತು. ನಾವು ಮೊದಲು ಕೊಳ್ಳಬೇಕೆಂದಿದ್ದ ದುಬಾರಿ ಪೆಲೆಟ್‌ನಲ್ಲಿ ಅದು 8. ಬ್ಲೈಂಡರ್‌ಗೆ ಮೊಸರಿನ ಡಬ್ಬಿಯ ಮುಚ್ಚಳವೇ ಆಯಿತು. ಕಣ್ಣಿನ ವೈದ್ಯರು ಬಲಗಣ್ಣಿಗೆ ಸಣ್ಣ ಪವರ್ ಇದೆ ಎಂದು ಹೇಳಿ ಕನ್ನಡಕ ಬರೆದುಕೊಟ್ಟಿದ್ದಾರೆ. ತಲೆನೋವಿನ ಮಾತನ್ನು ಅವಳು ಈ ಎರಡು ವಾರದಲ್ಲಿ ಎತ್ತಿಲ್ಲ.

ಒಂದು ಕೊನೆಯ ಪ್ರಶ್ನೆ. ಮನೆಯ ಪಡಸಾಲೆಯಲ್ಲಿ ಬಾಗಿಲಿನಿಂದ ಹಿತ್ತಿಲ ಗೋಡೆಯವರೆಗೆ 10 ಮೀಟರ್‌ಗೆ ಅರ್ಧ ಮೀಟರ್ ಕಡಿಮೆ ಬರುತ್ತದೆ. ಅಲ್ಲಿ ಅಭ್ಯಾಸ ಮಾಡಿಸಬಹುದೇ?

ರೇಂಜ್ ಮೇಷ್ಟ್ರು, ಬೆಂಗಳೂರು

ಪೆಲೆಟ್ ಹಾಕದೆ ಡ್ರೈ ಪ್ರಾಕ್ಟೀಸ್ ಮಾಡಿಸಲು ಆ ಜಾಗ ಧಾರಾಳವಾಗಿ ಸಾಕು, ಅರ್ಧ ಮೀಟರ್‌ನ ಕೊರತೆಗೆ ಅನುಗುಣವಾಗಿ ಕಪ್ಪು ವೃತ್ತವನ್ನು 29 ಮಿ.ಮೀ.ಗೆ ಇಳಿಸಿ ಮುದ್ರಿಸಿಕೊಳ್ಳಿ. ಫಲಕದ ನಡುಬಿಂದು ನೆಲದಿಂದ 1.40 ಮೀಟರ್ ಎತ್ತರದಲ್ಲಿರಲಿ. ದಿನಕ್ಕೆ ಇಪ್ಪತ್ತು ನಿಮಿಷ, ಜಾಕೆಟ್ ತೊಟ್ಟು, ಪೆಲೆಟ್ ಡಬ್ಬಿಯನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ಪೆಲೆಟ್ ಹೊಡೆಯುವುದು ಮಾತ್ರ ರೇಂಜ್‌ನಲ್ಲೇ ಆಗಲಿ, ಏಕೆಂದರೆ ಹಿತ್ತಿಲ ಕಡೆಯಿಂದ ಯಾರು ಯಾವಾಗ ಒಳಗೆ ಬರುತ್ತಾರೆ ಎಂದು ಹೇಳಲಾಗದು. ಅಭ್ಯಾಸ ಮುಗಿದ ಕ್ಷಣ ಬ್ಯಾರಲ್‌ನಲ್ಲಿ ಸೇಫ್ಟಿ ಫ್ಲ್ಯಾಗ್ (ಒಳಗೆ ಪೆಲೆಟ್ ಇಲ್ಲವೆಂದು ತೋರಿಸುವ ದಾರ) ತೂರಿಸಿಡುವುದನ್ನು ಮನೆಯಲ್ಲೂ ತಪ್ಪಿಸಬೇಡಿ. ಮುಂದಿನ ತಿಂಗಳು ಬೆಂಗಳೂರಿಗೆ ಬಂದರೆ ರೈಫಲ್ ಜೊತೆಗೆ ಅಳತೆಯ ಪುಸ್ತಕವನ್ನೂ ತನ್ನಿ, ಚೀಕ್ ಪೀಸ್ ಎತ್ತರವನ್ನು ಕನ್ನಡಕ ಹಾಕಿಸಿ ಇನ್ನೊಮ್ಮೆ ನೋಡೋಣ.